ಹರಿಹರ ಭಟ್ಟರ ಆನೆ

ನೆಲ್ಯಹುದಿಕೇರಿಯಿಂದ ಹೊಳೆಯ ಕಡೆಗೆ ಇಳಿಯುವ ದೇವರಬಾಣೆ ಬೀದಿಯಲ್ಲಿ ಹದಿನೇಳು ಮನೆ, ಒಂದು ಈಶ್ವರನ ಗುಡಿ. ಗುಡಿಯ ಪೂಜೆ ಹರಿಹರ ಭಟ್ಟರದು. ವಯಸ್ಸು ಎಪ್ಪತ್ತೊಂದು. ಸುಳ್ಳು ಹೇಳಿದವರಲ್ಲ, ಕಚೇರಿಯ ಮೆಟ್ಟಿಲು ಹತ್ತಿದವರಲ್ಲ, ಗಂಟೆ ಬಾರಿಸುವ ಹೊತ್ತು ಬಿಟ್ಟರೆ ಸದ್ದು ಮಾಡಿದವರೂ ಅಲ್ಲ. ಅಂಥವರು ಇಲ್ಲದ ಒಂದು ಆನೆಯನ್ನು ಹುಟ್ಟಿಸಿ ಸರಕಾರದ ಕಡತಕ್ಕೆ ಸೇರಿಸಿದರು ಎಂದರೆ ನಂಬುವುದು ಕಷ್ಟ. ಕಾರಣ ಕೇಳಿದರೆ ನೀವೂ ಅವರ ಪಕ್ಷವೇ ಆಗುತ್ತೀರಿ.

ಕಾರಣ ಅವರ ಹೆಂಡತಿ ಗೋಮತಿ. ಭಟ್ಟರ ಮನೆ ರಸ್ತೆಯ ಈ ಕಡೆ, ಗುಡಿಯ ಹೂತೋಟ ಆ ಕಡೆ. ದಿನಾ ಬೆಳಿಗ್ಗೆ ಆರೂವರೆಗೆ ಗೋಮತಿ ಬುಟ್ಟಿ ಹಿಡಿದು ರಸ್ತೆ ದಾಟಿ ದಾಸವಾಳ, ಪಾರಿಜಾತ ತರುತ್ತಾರೆ. ನಲವತ್ತಮೂರು ವರ್ಷದಿಂದ ತಪ್ಪಿಲ್ಲ. ಆದರೆ ಈಚೆಗೆ ಎರಡು ಬದಲಾವಣೆ ಒಟ್ಟೊಟ್ಟಿಗೆ ಬಂದವು. ಯಾವುದೋ ಫೋನಿನ ನಕ್ಷೆ ಈ ಬೀದಿಯನ್ನು ಹೊಳೆಬದಿಯ ಹೋಂಸ್ಟೇಗಳಿಗೆ ಅಡ್ಡದಾರಿ ಎಂದು ಕಂಡುಹಿಡಿಯಿತು. ಮತ್ತು ಗೋಮತಿಯ ಕಿವಿ ಕೇಳದಾಯಿತು.

ಎರಡನೆಯದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಭಟ್ಟರು ಒಮ್ಮೆ ಮೆಲ್ಲಗೆ, ಮಡಿಕೇರಿಯಲ್ಲಿ ಕಿವಿ ಡಾಕ್ಟರು ಒಬ್ಬರು ಒಳ್ಳೆಯವರಂತೆ ಎಂದರು. ನಾಲ್ಕು ದಿನ ಸಾರಿಗೆ ಉಪ್ಪು ಬೀಳಲಿಲ್ಲ. ಇನ್ನೊಮ್ಮೆ ತಾವೇ ಬುಟ್ಟಿ ಎತ್ತಿಕೊಂಡರು. ಗೋಮತಿ ಅದನ್ನು ಕೈಯಿಂದ ಕಿತ್ತುಕೊಂಡು, ತಾನಿನ್ನೂ ಸತ್ತಿಲ್ಲ ಎಂದು ನೆನಪಿಸಿದರು. ಅಲ್ಲಿಗೆ ಆ ಮಾತು ಮುಗಿಯಿತು.

ಒಂದು ಬೆಳಿಗ್ಗೆ ಸಾಂತಪ್ಪನ ಜೀಪು, ಎಸ್ಟೇಟಿಗೆ ಆಳುಗಳನ್ನು ತುಂಬಿಕೊಂಡು ಹಾಡು ಜೋರಾಗಿ ಹಾಕಿಕೊಂಡು ಓಡುವ ಜೀಪು, ಗೋಮತಿಯ ಬೆನ್ನಿಗೆ ಒಂದು ಗೇಣು ಬಿಟ್ಟು ಕಿರ್ರೆಂದು ನಿಂತಿತು. ಅವರಿಗೆ ಗೊತ್ತೇ ಆಗಲಿಲ್ಲ. ದಾಟಿದ ಮೇಲೆ ತಿರುಗಿ ನೋಡಿದರೆ ಸಾಂತಪ್ಪ ಕಿಟಕಿಯಿಂದ ತಲೆ ಹೊರಹಾಕಿ ಬಾಯಿ ಆಡಿಸುತ್ತಿದ್ದ. ನಮಸ್ಕಾರ ಹೇಳುತ್ತಿದ್ದಾನೆ ಅಂದುಕೊಂಡು ಅವನಿಗೊಂದು ದಾಸವಾಳ ಕೊಟ್ಟು ಒಳಗೆ ಹೋದರು. ಭಟ್ಟರು ಇದನ್ನೆಲ್ಲ ಜಗಲಿಯಲ್ಲಿ ನಿಂತು ನೋಡಿದರು. ಇವಳಿಲ್ಲದೆ ನಾನು ಬದುಕಲಾರೆ ಎಂಬುದು ಅವರಿಗೆ ಆವತ್ತು ಸ್ಪಷ್ಟವಾಗಿ ತಿಳಿಯಿತು.

ಮರುದಿನವೇ ಶಲ್ಯ ಹೊದ್ದು ರಸ್ತೆಯ ಸಾಹೇಬರ ಕಚೇರಿಗೆ ಹೋದರು. ಬೀದಿಗೆ ಎರಡು ಹಂಪ್ ಹಾಕಿಸಿಕೊಡಿ ಎಂದು ಕೇಳಿದರು. ಸಾಹೇಬರು ಮರ್ಯಾದಸ್ಥರು. ಕುರ್ಚಿ ಕೊಟ್ಟರು, ಕಾಫಿ ತರಿಸಿದರು, ಒಂದು ಫಾರಂ ತೆಗೆದರು. ಅದರಲ್ಲಿ ಇದುವರೆಗೆ ಆದ ಸಾವು ಎಷ್ಟು ಎಂದು ಒಂದು ಸಾಲಿತ್ತು. ಒಂದೂ ಇಲ್ಲ ಎಂದರು ಭಟ್ಟರು, ಹೆಮ್ಮೆಯಿಂದಲೇ. ಸಾಹೇಬರ ಮುಖ ಬಾಡಿತು.

"ಸೊನ್ನೆ ಬರೆದ್ರೆ ಮೇಲೆ ಪಾಸಾಗಲ್ಲ ಭಟ್ರೆ. ಹೋಗ್ಲಿ, ಯಾರದಾದ್ರೂ ಕಾಲು ಮುರಿದಿದೆಯಾ?"

ಅದೂ ಇಲ್ಲವೆಂದು ಭಟ್ಟರು ತಪ್ಪೊಪ್ಪಿಕೊಳ್ಳುವವರಂತೆ ಹೇಳಿದರು. ಏನಾದರೂ ಆದರೆ ಆ ಕ್ಷಣ ಫೋನ್ ಮಾಡಿ, ಬೇರೆ ಎಲ್ಲ ಕೆಲಸ ಬಿಟ್ಟು ನಿಮ್ಮದೇ ಮೊದಲು ಮಾಡುತ್ತೇನೆ ಎಂದು ಸಾಹೇಬರು ಬಾಗಿಲ ತನಕ ಬಂದು ಮಾತು ಕೊಟ್ಟರು. ಒಳ್ಳೆಯ ಮನುಷ್ಯ. ಆದರೆ ಆ ಸಾಲಿಗೆ ಬೇಕಾದ ಒಂದು ಸಂಖ್ಯೆ ತಮ್ಮ ಮನೆಯಲ್ಲೇ ದೋಸೆ ಹೊಯ್ಯುತ್ತಿದೆ ಎಂದು ನೆನೆದು ಭಟ್ಟರು ಬೇಗ ಬೇಗ ಮೆಟ್ಟಿಲಿಳಿದರು.

ವಾಪಸು ಬರಲು ಬಸ್ಸು ಸಿಗದೆ ಸಾಂತಪ್ಪನ ಜೀಪನ್ನೇ ಹತ್ತಬೇಕಾಯಿತು. ಜೀಪು ಎಂದಿನಂತೆ ಹಾರುತ್ತಿತ್ತು. ಎಸ್ಟೇಟಿನ ತಿರುವಿನಲ್ಲಿ ರಸ್ತೆಯ ನಡುವೆ ಹಸಿ ಆನೆಲದ್ದಿ ಕಂಡಿತು. ಅಷ್ಟೇ. ಸಾಂತಪ್ಪ ಹಾಡು ನಿಲ್ಲಿಸಿದ, ಮಾತಾಡಬೇಡಿ ಎಂದು ಕೈಸನ್ನೆ ಮಾಡಿದ, ಗೇರು ಇಳಿಸಿ ಎಡಕ್ಕೂ ಬಲಕ್ಕೂ ಕಣ್ಣಾಡಿಸುತ್ತ ಬಸುರಿಯನ್ನು ಕರೆದೊಯ್ಯುವವನಂತೆ ಜೀಪು ನಡೆಸಿದ. ಭಟ್ಟರು ಅವನನ್ನೂ ಲದ್ದಿಯನ್ನೂ ನೋಡಿದರು. ಸಾಹೇಬರ ಸಹಿ ಬೇಡದ, ಸಾವು ಕೇಳದ ಹಂಪ್ ಇಲ್ಲೇ ಬಿದ್ದಿದೆಯಲ್ಲ ಅನಿಸಿತು.

ಹೊಳೆಯಾಚೆಯ ಆನೆ ಶಿಬಿರದ ಮಾವುತ ಮಾದ ಪ್ರತಿ ಸೋಮವಾರ ಗುಡಿಗೆ ಬರುವವನು. ಅವನು ನೋಡಿಕೊಳ್ಳುವ ಆನೆಯ ಹೆಸರು ರಂಗನಾಥ. ಭಟ್ಟರು ತೀರ್ಥ ಕೊಡುತ್ತ ದನಿ ತಗ್ಗಿಸಿ ವಿಷಯ ತೆಗೆದರು. ಲದ್ದಿಗೇನು ಬರ, ಎಷ್ಟು ಚೀಲ ಬೇಕು ಎಂದಷ್ಟೇ ಕೇಳಿದ ಮಾದ.

ಮೂರು ದಿನಕ್ಕೊಮ್ಮೆ ಚೀಲ ಬರತೊಡಗಿತು. ಮೂರು ಹೊತ್ತು ಸ್ನಾನ ಮಾಡುವ ಭಟ್ಟರು ಇದು ಮೈಲಿಗೆಯೋ ಅಲ್ಲವೋ ಎಂದು ಬಹಳ ಯೋಚಿಸಿದರು. ಆನೆ ಎಂದರೆ ಗಣಪತಿಯ ಕಡೆಯವನು, ದೋಷವಿಲ್ಲ ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡು, ಯಾವುದಕ್ಕೂ ಇರಲಿ ಎಂದು ನಾಲ್ಕನೆಯ ಸ್ನಾನವನ್ನೂ ಸೇರಿಸಿಕೊಂಡರು. ಬೆಳಕು ಮೂಡುವ ಹೊತ್ತಿಗೆ ಬೀದಿಯ ಎರಡೂ ತುದಿಯಲ್ಲಿ ಐದೈದು ಉಂಡೆ ಇಡುತ್ತಿದ್ದರು. ಮಂಡಲ ಬರೆದು ಪಳಗಿದ ಕೈ. ಎರಡು ಉಂಡೆ ಜೊತೆಗೆ, ಒಂದು ಸ್ವಲ್ಪ ಒಡೆದದ್ದು, ಒಂದು ಬಾಳೆಯ ಸಿಗಿದ ದಂಟು. ದೂರ ನಿಂತು ನೋಡಿ ಒಂದುಂಡೆಯನ್ನು ಮತ್ತೆ ಸರಿಸುವುದೂ ಇತ್ತು.

ಸಾಂತಪ್ಪ ಹಾಡು ನಿಲ್ಲಿಸಿದ. ಹೋಂಸ್ಟೇ ಕಾರುಗಳು ತೆವಳಿದವು. ಗೋಮತಿ ಬುಟ್ಟಿ ಹಿಡಿದು ರಾಣಿಯಂತೆ ದಾಟಿದರು. ಭಟ್ಟರು ವರ್ಷದಿಂದ ಕಾಣದ ನಿದ್ದೆ ಕಂಡರು.

ಎರಡನೆಯ ವಾರ ಕಾಡಿನ ಸಾಹೇಬ ಜಯಪ್ರಕಾಶ್ ಟೇಪು ಹಿಡಿದು ಬಂದ. ಬಯಲುಸೀಮೆಯ ಹುಡುಗ, ಕೆಲಸಕ್ಕೆ ಸೇರಿ ನಾಲ್ಕು ತಿಂಗಳು, ಭಾರೀ ಶ್ರದ್ಧೆ. ಲದ್ದಿಯ ಸುತ್ತಳತೆ ತೆಗೆದ, ಬರೆದುಕೊಂಡ, ಭಟ್ಟರಿಗೆ ವಿವರಿಸಿದ. ಗಂಡಾನೆ, ನಲವತ್ತರ ಆಸುಪಾಸು, ಶಾಂತ ಸ್ವಭಾವ, ಸಮಯಪಾಲನೆ ಉಂಟು. ಭಟ್ಟರಿಗೆ ತಮ್ಮ ಮಗನ ಜಾತಕ ಕೇಳಿದಷ್ಟು ಸಂತೋಷವಾಯಿತು. ಆನೆಗೆ ಒಂದು ನಂಬರು ಸಿಕ್ಕಿತು. ಅದಕ್ಕೆ ವಾಹನ ಬಡಿಯದಿರಲೆಂದು ಎಂಟೇ ದಿನದಲ್ಲಿ ಬೀದಿಯ ಎರಡೂ ತುದಿಗೆ ಅಸಲಿ ಟಾರಿನ ಹಂಪ್ ಬಂತು, ಹಳದಿ ಪಟ್ಟೆ ಸಮೇತ. ಮಂಜೂರಾತಿಯ ಫಾರಂನಲ್ಲಿ ಪ್ರಯೋಜನ ಪಡೆಯುವವರು ಎಂಬ ಸಾಲಿನಲ್ಲಿ ಕಾಡಾನೆ, ಒಂದು ಎಂದು ಬರೆದಿತ್ತು. ಹದಿನೇಳು ಮನೆಯ ಮನುಷ್ಯರಿಗೆ ಇಲ್ಲದ ಸೌಭಾಗ್ಯ ಹತ್ತು ಉಂಡೆಗೆ ಬಂತು. ಭಟ್ಟರಿಗೆ ಅದರ ಬಗ್ಗೆ ಏನೂ ಬೇಜಾರಿರಲಿಲ್ಲ.

ಆದರೆ ಹಂಪಿನ ಹಿಂದೆಯೇ ಒಂದು ನೋಟೀಸು ಬಂತು. ಆನೆ ಓಡಾಡುವ ಹೊತ್ತಾದ್ದರಿಂದ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಈ ಬೀದಿಯಲ್ಲಿ ಯಾರೂ ಕಾಲ್ನಡಿಗೆಯಲ್ಲಿ ಬರಬಾರದು. ವಾಹನಗಳಿಗೆ ಅಡ್ಡಿಯಿಲ್ಲ. ಭಟ್ಟರ ಮನೆಯ ಎದುರಿಗೇ ಒಬ್ಬ ಕಾವಲುಗಾರ ಕೋಲು ಹಿಡಿದು ಕುಳಿತ. ಭಟ್ಟರನ್ನು ಕಾಡಿನ ಕಚೇರಿಯ ಜೀಪಿನಲ್ಲಿ ಐವತ್ತು ಗಜ ಸಾಗಿಸಿ ಗುಡಿಯ ಬಾಗಿಲಲ್ಲಿ ಇಳಿಸುತ್ತಿದ್ದರು. ಗೋಮತಿಗೆ ಆ ಅನುಕೂಲವೂ ಇರಲಿಲ್ಲ. ಈಶ್ವರನಿಗೆ ಪ್ಲಾಸ್ಟಿಕ್ ಕವರಿನಲ್ಲಿ ಅಂಗಡಿ ಸೇವಂತಿಗೆ ಬರತೊಡಗಿತು. ಗೋಮತಿ ಖಾಲಿ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕಿಟಕಿಯಲ್ಲಿ ಕೂರುತ್ತಿದ್ದರು. ಸಾರಿಗೆ ಉಪ್ಪು ಸರಿಯಾಗಿತ್ತು, ಅದೇ ಭಟ್ಟರಿಗೆ ಭಯ. ಸಿಟ್ಟಾಗಲೂ ಮನಸ್ಸಿಲ್ಲದ ಹೆಂಡತಿಯನ್ನು ಅವರು ಎಂದೂ ಕಂಡಿರಲಿಲ್ಲ. ಅವಳನ್ನು ಉಳಿಸಲು ಹೋಗಿ ನಾನೇ ಕಟ್ಟಿಹಾಕಿದೆನಲ್ಲ ಎಂದು ಕೊರಗಿದರು.

ಹತ್ತನೆಯ ದಿನ ತಡೆಯಲಾರದೆ ಜಯಪ್ರಕಾಶನ ಮುಂದೆ ಕೈಮುಗಿದು ನಿಂತು ಎಲ್ಲವನ್ನೂ ಹೇಳಿಬಿಟ್ಟರು. ಆನೆ ಇಲ್ಲ, ನಾನೇ ಆ ಆನೆ. ಜಯಪ್ರಕಾಶ್ ಕಡತ ತೆರೆದ. ಅದರಲ್ಲಿ ಆನೆಯ ವಯಸ್ಸು, ನಡೆ, ಮೂರು ಅಧಿಕಾರಿಗಳ ಸಹಿ ಎಲ್ಲ ಇತ್ತು.

"ಆನೇನ ವಾಪಸ್ ತಗೊಳ್ಳೋಕೆ ಅವಕಾಶ ಇಲ್ಲ ಭಟ್ರೆ. ಓಡಿಸೋಕೆ ಮಾತ್ರ ಅವಕಾಶ ಇರೋದು."

ಓಡಿಸಲು ಪಳಗಿದ ಆನೆ ಬೇಕು. ಶಿಬಿರದಿಂದ ಬಂದವನು ಬೇರಾರೂ ಅಲ್ಲ, ರಂಗನಾಥನೇ, ಮೇಲೆ ಮಾದ. ಹದಿನೇಳು ಮನೆಯವರೂ ಮಹಡಿಯೇರಿ ನೋಡಿದರು. ರಂಗನಾಥ ರಸ್ತೆಬದಿಯಲ್ಲಿ ಒಣಗಿದ್ದ ಲದ್ದಿ ಮೂಸಿದ. ತನ್ನದೇ ಎಂದು ತಿಳಿದು ಆಸಕ್ತಿ ಕಳೆದುಕೊಂಡ. ಭಟ್ಟರ ಬೇಲಿಯ ಬಾಳೆ ತಿಂದ, ಕಾರ್ಯಾಚರಣೆಯ ನಟ್ಟನಡುವೆ ನಿಂತು ಹೊಸದಾಗಿ ಐದುಂಡೆ ಹಾಕಿದ. ಜಯಪ್ರಕಾಶ್ ಅಭ್ಯಾಸಬಲದಿಂದ ಅದನ್ನೂ ಅಳೆದ, ಕಡತದ ಅಳತೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ್ದನ್ನು ಕಂಡು ಪುಸ್ತಕ ಮುಚ್ಚಿದ. ಕಾಡಾನೆ ಹೊಳೆ ದಾಟಿ ಹೋಯಿತೆಂದು ಮಾದ ವರದಿ ಕೊಟ್ಟ. ಜಯಪ್ರಕಾಶ್ ಹಾಗೆಯೇ ಬರೆದುಕೊಂಡು ಸಹಿ ಹಾಕಿದ.

ನೋಟೀಸು ಹೋಯಿತು, ಕಾವಲುಗಾರ ಹೋದ. ಮರುದಿನ ಮಧ್ಯಾಹ್ನ ರಸ್ತೆಯ ಸಾಹೇಬರ ಆಳುಗಳು ಬಂದು ಎರಡೂ ಹಂಪ್ ಕೆತ್ತಿ ಹಾಕಿದರು. ಪ್ರಯೋಜನ ಪಡೆಯುವವನು ಊರು ಬಿಟ್ಟಿದ್ದನಲ್ಲ, ಹಂಪ್ ಯಾರಿಗೆ? ಸಂಜೆಯ ಹೊತ್ತಿಗೆ ಸಾಂತಪ್ಪನ ಹಾಡು ಮತ್ತೆ ಬೀದಿಯ ಉದ್ದಕ್ಕೂ ಕೇಳಿತು. ಭಟ್ಟರು ಜಗಲಿಯಿಂದ ಎದ್ದು ಒಳಗೆ ಹೋಗಿ, ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಮಾದನ ಕಡೆಗೆ ಹೊರಟರು.

ಗೋಮತಿ ಬಾಗಿಲಿಗೆ ಅಡ್ಡ ನಿಂತರು. ಚೀಲವನ್ನು ಕಂಕುಳಿಂದ ಎಳೆದು ಮೂಲೆಗೆ ಎಸೆದರು.

"ಸಾಕು ಮಾಡಿ. ಕಾವಲುಗಾರ ಬರುವ ತನಕ ನೀವು ಇಟ್ಟದ್ದನ್ನೆಲ್ಲ ಸಂಜೆ ಎತ್ತಿ ದಾಸವಾಳದ ಬುಡಕ್ಕೆ ಹಾಕಿದವಳು ನಾನು. ಈ ಊರಿನ ಕಾಡಾನೆ ಲದ್ದಿಯಲ್ಲಿ ಹಲಸಿನ ಬೀಜ ಇರ್ತದೆ, ಕಾಫಿ ಬೀಜ ಇರ್ತದೆ. ಶಿಬಿರದ ಆನೆಗೆ ಹಾಕುವ ಬೇಯಿಸಿದ ಹುರುಳಿ ಇರ್ತದಾ? ನನಗೆ ಮೊದಲನೇ ದಿನವೇ ಗೊತ್ತಾಯ್ತು."

ಭಟ್ಟರು ತಲೆ ತಗ್ಗಿಸಿದರು. ಗೋಮತಿ ಅವರ ಗಲ್ಲ ಹಿಡಿದು ಮುಖ ಮೇಲೆತ್ತಿದರು. ಈಚೆಗೆ ಗಂಡನ ತುಟಿ ಕಾಣದಿದ್ದರೆ ಮಾತು ತಿಳಿಯುತ್ತಿರಲಿಲ್ಲ.

"ಕಿವಿ ಕೇಳುವುದಿಲ್ಲ ನನಗೆ. ಇಗೊಳ್ಳಿ, ಹೇಳಿದೆ. ಹೊಳೆಯಾಚೆಯಿಂದ ಲದ್ದಿ ಹೊರುವ ಬದಲು ನನ್ನ ಕೈ ಹಿಡಿದು ದಾಟಿಸಬಹುದಿತ್ತಲ್ಲ ನೀವು."

ಭಟ್ಟರಿಗೆ ಕಚೇರಿ ಹೊಳೆದಿತ್ತು, ಫಾರಂ ಹೊಳೆದಿತ್ತು, ಆನೆ ಹೊಳೆದಿತ್ತು. ಇದೊಂದು ಹೊಳೆದಿರಲಿಲ್ಲ. ನೂರಾರು ಮದುವೆ ಮಾಡಿಸಿ, ಹುಡುಗಿಯ ಕೈ ಗಟ್ಟಿಯಾಗಿ ಹಿಡಿಯಪ್ಪ ಎಂದು ಗಂಡುಗಳಿಗೆಲ್ಲ ಹೇಳಿಕೊಟ್ಟ ಮನುಷ್ಯ. ತಮ್ಮ ಮದುವೆಯ ದಿನ ಬಿಟ್ಟರೆ ಹೆಂಡತಿಯ ಕೈಯನ್ನು ನಾಲ್ಕು ಜನರ ಎದುರು ಹಿಡಿದದ್ದು ಅವರಿಗೆ ನೆನಪಿರಲಿಲ್ಲ.

ಮರುದಿನ ಆರೂವರೆಗೆ ಇಬ್ಬರೂ ರಸ್ತೆಯಂಚಿಗೆ ಬಂದರು. ಗೋಮತಿಯ ಎಡಗೈಯಲ್ಲಿ ಬುಟ್ಟಿ. ಬಲಗೈಯನ್ನು ಭಟ್ಟರು ಹಿಡಿದುಕೊಂಡಿದ್ದರು, ನಾಚಿಕೆಯಿಂದ ಕಿವಿ ಕೆಂಪಾಗಿತ್ತು. ಸಾಂತಪ್ಪನ ಜೀಪು ಇಳಿಜಾರಿನಲ್ಲಿ ಹಾರಿಕೊಂಡು ಬಂತು. ಇಪ್ಪತ್ತು ಗಜ ದೂರದಲ್ಲಿ ಸಾಂತಪ್ಪ ಬ್ರೇಕು ಒತ್ತಿದ. ಹಾಡು ನಿಲ್ಲಿಸಿದ, ಹಿಂದೆ ಕುಳಿತವರಿಗೆ ಮಾತಾಡಬೇಡಿ ಎಂದು ಕೈಸನ್ನೆ ಮಾಡಿದ. ಅವರು ಹೂ ಕೊಯ್ದುಕೊಂಡು ವಾಪಸು ದಾಟುವ ತನಕ ಜೀಪು ಅಲ್ಲೇ ನಿಂತಿತ್ತು.