ಶಾಲು ಮರಳಿಸಿದ ಭಾಮಾಬಾಯಿ

ಪುಣೆಯಲ್ಲಿ ಭೂಗೋಳ ಕಲಿಸಿದವರು ಹಲವರಿದ್ದಾರೆ. ಆದರೆ ದೂರದೇಶದಿಂದ ಬಂದ ಮಗು ಈ ಊರಿನಲ್ಲಿ ತಲೆಯೆತ್ತಿ ನಡೆಯುವಂತೆ ನೋಡಿಕೊಳ್ಳುವುದೂ ತಮ್ಮ ಪಾಠದ ಭಾಗವೇ ಎಂದು ಬಗೆದು ಮೂರು ದಶಕ ದುಡಿದ ಪ್ರಾಧ್ಯಾಪಕಿ ಭಾಮಾ ಹೊಂಬಳ ಅವರಂಥವರು ವಿರಳ. ವಿಭಾಗದ ಮುಖ್ಯಸ್ಥೆಯಾಗಿ, ವಸತಿಗೃಹದ ಮೇಲ್ವಿಚಾರಕಿಯಾಗಿ, ಕೊನೆಗೆ ವಿದ್ಯಾರ್ಥಿ ಕಲ್ಯಾಣ ಸಮಿತಿಯ ಅಧ್ಯಕ್ಷೆಯಾಗಿ ಅವರು ನಮ್ಮ ಕಾಲೇಜಿಗೆ ಸಲ್ಲಿಸಿದ ಸೇವೆ ಈ ವರ್ಷ ಮುಗಿಯಿತು. ಅವರ ಗದರಿಕೆಗೆ ಹೆದರದವರು ಇಲ್ಲಿ ಯಾರೂ ಇಲ್ಲ, ಪ್ರಾಚಾರ್ಯರನ್ನೂ ಸೇರಿಸಿ.

ಧಾರವಾಡದ ಕಡೆಯ ಮನೆತನ. ತಂದೆ ಪುಣೆ ಬಳಿಯ ದೇಹೂ ರೋಡಿನ ಸೈನ್ಯದ ಡಿಪೋದಲ್ಲಿ ಗುಮಾಸ್ತರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಶಾಲೆಯಲ್ಲಿ ಇವರ ಮರಾಠಿ ಕೇಳಿ ಮಕ್ಕಳು ನಕ್ಕರಂತೆ. ಹಟಕ್ಕೆ ಬಿದ್ದು ಎಂಥ ಮರಾಠಿ ಕಲಿತರೆಂದರೆ ಮುಂದೆ ಶುದ್ಧ ಮರಾಠಿಗೆ ಹೆಸರಾದ ಸದಾಶಿವ ಪೇಠೆಯ ಮನೆಮಾಲೀಕರೂ ಅವರೆದುರು ತಡವರಿಸಿದರು. ನಾಗಾಲ್ಯಾಂಡಿನ ಹುಡುಗಿಯರಿಗೆ ಯಾರಾದರೂ ಬಾಡಿಗೆಕೋಣೆ ಇಲ್ಲವೆಂದರೆ ಸಾಕು, ಭಾಮಾಬಾಯಿಯವರು ತಾವೇ ಹೋಗಿ ಕುರ್ಚಿ ಎಳೆದುಕೊಂಡು ಕೂತು, ಚಹಾ ಕುಡಿದು, ಒಪ್ಪುವತನಕ ಏಳುತ್ತಿರಲಿಲ್ಲ. ಇಂಥ ಉಪಕಾರ ಪಡೆದವರನ್ನು ಕೂಡಿಸಿದರೆ ನಮ್ಮ ಸಭಾಂಗಣ ಸಾಲದು.

ಇನ್ನು ಅವರ ತಪ್ಪಿನ ಮಾತು. ಅದನ್ನು ಬಿಟ್ಟು ಬರೆಯುವುದಾದರೆ ಈ ಅಭಿನಂದನ ಗ್ರಂಥವೇ ಬೇಡ ಎಂದು ಅವರೇ ಪಟ್ಟು ಹಿಡಿದದ್ದರಿಂದ ಬರೆಯಬೇಕಾಗಿದೆ.

ಕೆಲ ವರ್ಷಗಳ ಹಿಂದೆ ತಾಂಜಾನಿಯಾದ ಜವಾದಿ ಎಂಬಾಕೆ ಅವರ ವಿಭಾಗದಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ಇಲ್ಲಿ ಗ್ಯಾದರಿಂಗ್ ಎನ್ನುವ ವಾರ್ಷಿಕೋತ್ಸವಕ್ಕೆಂದು ಕೆಲವು ಹುಡುಗರು ಮುಖಕ್ಕೆ ಮಸಿ ಬಳಿದುಕೊಂಡು, ಆಕೆಯ ನಡಿಗೆ, ಕೂದಲು, ಮಾತು ಎಲ್ಲವನ್ನೂ ಅಣಕಿಸುವ ಪ್ರಹಸನ ಕಟ್ಟಿದರು. ತಾಲೀಮಿನ ವಿಡಿಯೊ ಎಲ್ಲರ ಫೋನಿಗೂ ಹೋಯಿತು. ಮರುದಿನ ಅವಳ ಕೋಣೆಯ ಬಾಗಿಲ ಮೇಲೆ ಯಾರೋ ಹೊಲಸು ಮಾತು ಬರೆದರು. ಜವಾದಿ ದೂರು ಕೊಟ್ಟಳು, ತರಗತಿಗೆ ಬರುವುದನ್ನು ಬಿಟ್ಟಳು, ಪದವಿಯ ಆಸೆ ಬಿಟ್ಟು ಊರಿಗೆ ಮರಳುವ ತಯಾರಿ ನಡೆಸಿದಳು.

ಆಗಿನ ಪ್ರಾಚಾರ್ಯರಾದ ಕೃಷ್ಣಾಜಿಯವರು ಸಜ್ಜನರು. ಗ್ಯಾದರಿಂಗಿನ ವೇದಿಕೆಯ ಮೇಲೆ ಆ ಹುಡುಗಿಗೆ ಶಾಲು-ಶ್ರೀಫಲ ಕೊಟ್ಟು ಸತ್ಕರಿಸೋಣ, ನಮ್ಮಲ್ಲಿ ಭೇದವಿಲ್ಲವೆಂದು ಎಲ್ಲರಿಗೂ ತಿಳಿಯಲಿ ಎಂದರು. ಶಾಲು ಹೊದಿಸಿದರೆ ಎಲ್ಲ ಸರಿಹೋಯಿತೆಂಬ ನಂಬಿಕೆ ನಮ್ಮ ಊರಿಗೆ ಬಹಳ ಬಲವಾಗಿದೆ. ಈ ಗ್ರಂಥವೂ ಅದೇ ಪೈಕಿಯದು, ಇರಲಿ. ಬಾಯಿಯವರು ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಲಕ್ಷ್ಮೀ ರಸ್ತೆಗೆ ಹೋಗಿ ಒಳ್ಳೆಯ ಶಾಲನ್ನೇ ಆರಿಸಿ ತಂದು, ಸಂತೋಷದಿಂದ ವಸತಿಗೃಹಕ್ಕೆ ಒಯ್ದು ತೋರಿಸಿದರು.

ಜವಾದಿ ಶಾಲನ್ನು ಮುಟ್ಟಲಿಲ್ಲ. "ಆ ಹುಡುಗರು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಾರೆ. ನಾನು ಫೋಟೊಗೆ ನಗಬೇಕು. ನನ್ನ ದೂರಿಗೆ ಉತ್ತರ ಯಾವುದು ಮೇಡಮ್?" ಎಂದಳು.

ಬಾಯಿಯವರಿಗೆ ಮುಖಕ್ಕೆ ಹೊಡೆದಂತಾಯಿತು. ನಾಚಿಕೆಯಿಂದ ಅಲ್ಲೇ ಅತ್ತರೆಂದು ಅವರೇ ಹೇಳುತ್ತಾರೆ. ಅಲ್ಲಿಂದ ಎದ್ದವರು ಶಾಲನ್ನು ಅಂಗಡಿಗೆ ಮರಳಿಸಿ, ನೇರವಾಗಿ ಪ್ರಾಚಾರ್ಯರ ಕೋಣೆಗೆ ಬಂದು, ಸತ್ಕಾರವೂ ಇಲ್ಲ, ಈ ವರ್ಷ ಗ್ಯಾದರಿಂಗೂ ಇಲ್ಲ, ಮೊದಲು ವಿಚಾರಣೆ ಎಂದರು. ಕೃಷ್ಣಾಜಿಯವರು ಒಪ್ಪಲು ಎರಡು ದಿನ ತೆಗೆದುಕೊಂಡರು. ಬಾಯಿಯವರು ಎರಡು ದಿನವೂ ಅವರ ಬಾಗಿಲು ಬಿಡಲಿಲ್ಲ.

ಪ್ರಹಸನ ಕಟ್ಟಿದ ಹುಡುಗರ ಮುಂದಾಳು ರೋಹಿತ, ಬಾಯಿಯವರ ಅಚ್ಚುಮೆಚ್ಚಿನ ಶಿಷ್ಯ. ಅವನ ತಂದೆ, ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ವ್ಯಾಪಾರಿ ಬಸವಲಿಂಗ ಅವರು ಬಂದು, ಹುಡುಗರು ನಗಿಸಲಿಕ್ಕೆ ಮಾಡಿದ್ದು, ನಮ್ಮ ಕನ್ನಡದವ ಅಂತಾದರೂ ನೋಡ್ರಿ ಎಂದು ಕೈಮುಗಿದರು.

"ಅಂವಾ ನಮ್ಮವನs, ಆಕಿನೂ ನಮ್ಮಾಕಿನs ರೀ," ಎಂದರು ಬಾಯಿಯವರು. "ನೀವು ಬಂದು ಕೂತೀರಿ. ಆಕಿ ಅಪ್ಪಗ ಅಷ್ಟು ದೂರದಿಂದ ಬಂದು ಕೂಡಲಿಕ್ಕೆ ಆಗೂದಿಲ್ಲ. ಅವರ ಪರವಾಗಿ ನಾ ಕೂತೀನಿ."

ವಿಚಾರಣೆಯಲ್ಲಿ ಬಾಗಿಲ ಮೇಲೆ ಬರೆದವರೂ ತಾವೇ ಎಂದು ಆ ಹುಡುಗರು ಒಪ್ಪಿಕೊಂಡರು. ರೋಹಿತನೂ ಗೆಳೆಯರೂ ಒಂದು ಸೆಮಿಸ್ಟರ್ ಕಾಲೇಜಿನಿಂದ ಹೊರಗುಳಿದರು. ಜವಾದಿಯನ್ನು ಅವರೆದುರು ನಿಲ್ಲಿಸಿ ಕೈಕುಲುಕಿಸುವ ನಾಟಕ ನಡೆಯಲಿಲ್ಲ. ಅಂದಿನಿಂದ ಇಂಥ ದೂರಿಗೆ ವಾರದೊಳಗೆ ಉತ್ತರ ಕೊಡಲೇಬೇಕು, ತಮಾಷೆ ಎಂಬ ಸಬೂಬು ನಡೆಯದು, ದೂರು ಕೊಟ್ಟವರನ್ನು ವೇದಿಕೆ ಹತ್ತಿಸಕೂಡದು ಎಂಬ ನಿಯಮ ಬಂತು. ಪ್ರತಿ ಜೂನಿನಲ್ಲಿ ಪ್ರಾಧ್ಯಾಪಕರು, ಗೇಟಿನ ಕಾವಲುಗಾರರು, ಮೆಸ್ಸಿನ ಅಡುಗೆಯವರು ಒಟ್ಟಿಗೆ ಕೂತು ಆ ನಿಯಮ ಓದುವುದನ್ನು ಕೇಳುತ್ತಾರೆ. ದೊಡ್ಡವರು ತೂಕಡಿಸಿದರೆ ಬಾಯಿಯವರು ಹೆಸರು ಹಿಡಿದೇ ಎಬ್ಬಿಸುತ್ತಿದ್ದರು.

ಜವಾದಿ ಪರೀಕ್ಷೆ ಬರೆದು, ಪದವಿ ಪಡೆದು ಹೋದಳು. ಆಕೆ ನಮ್ಮನ್ನು ಕ್ಷಮಿಸಿದಳೆಂದು ಬರೆಯಕೂಡದೆಂಬುದು ಬಾಯಿಯವರ ಆಜ್ಞೆ. ಹಾಗೆ ಅವಳು ಯಾವತ್ತೂ ಹೇಳಲಿಲ್ಲ.

ನಿವೃತ್ತಿಯ ವಾರದಲ್ಲಿ ಅವಳ ಫೋನು ಬಂತು. ಸಮಿತಿಯ ಹೊಣೆ ಹೊರಲಿದ್ದ ನೀಲಿಮಾ ಅವರೂ ಅಲ್ಲೇ ಇದ್ದರು. ಜವಾದಿಯ ತಂಗಿಗೆ ಪುಣೆಯಲ್ಲಿ ಓದುವ ಮನಸ್ಸಂತೆ. ಕೇಳಿದ್ದು ಒಂದೇ ಮಾತು: "ನೀವು ಹೋದ ಮೇಲೂ ಆ ನಿಯಮ ಇರುತ್ತದೆಯೇ?"

ಬಾಯಿಯವರು ಫೋನನ್ನು ನೀಲಿಮಾ ಅವರ ಕೈಗಿಟ್ಟು, "ನೀವs ಹೇಳ್ರಿ," ಎಂದರು.

ನೀಲಿಮಾ ಅವರು ಫೋನು ಕಿವಿಗಿಟ್ಟು, ಇರುತ್ತದೆ ಎಂದರು. ಪೂಜ್ಯ ಭಾಮಾಬಾಯಿಯವರಿಗೆ ಭಗವಂತನು ದೀರ್ಘ ಆಯುರಾರೋಗ್ಯ ಕೊಡಲಿ, ನಾವು ಮೈಮರೆತ ದಿನ ಬಂದು ಗದರುವಷ್ಟು ಕಸುವು ಅವರ ದನಿಯಲ್ಲಿ ಉಳಿಯಲಿ. ಜವಾದಿಯ ತಂಗಿ ಈ ಜೂನಿನಲ್ಲಿ ನಮ್ಮ ಕಾಲೇಜಿಗೆ ಬಂದಿದ್ದಾಳೆ.