ನೆರಳಮ್ಮ ಸತ್ತಳೇ?

ಕೆಲಸವಿದ್ದ ದಿನ ಚಿಕ್ಕಮ್ಮ ಬಳೆ ತೊಡುವುದಿಲ್ಲ, ಗಂಜಿ ಹಾಕಿದ ಬಟ್ಟೆ ಉಡುವುದಿಲ್ಲ. ಮನೆ ಬಿಡುವ ಒಂದು ಗಂಟೆ ಮೊದಲು ತಪ್ಪದೆ ಎರಡು ಬಾಳೆಹಣ್ಣು ತಿನ್ನುತ್ತಾರೆ. ಬಳೆಯ ಸದ್ದು, ಬಟ್ಟೆಯ ಸರಸರ, ಖಾಲಿ ಹೊಟ್ಟೆಯ ಗುರುಗುರು, ಮೂರನ್ನೂ ಮೈಕು ಹಿಡಿಯುತ್ತದೆ. ಹಿಡಿಯಿತೆಂದರೆ ಅಷ್ಟು ಹೊತ್ತಿನ ಕೆಲಸ ನೀರಿನಲ್ಲಿ ಹೋಮ.

ಬೇರೆ ಭಾಷೆಯ ಸಿನಿಮಾ, ಸೀರಿಯಲ್‌ಗಳಿಗೆ ನಮ್ಮ ಭಾಷೆಯಲ್ಲಿ ದನಿ ಕೊಡುವುದು ಅವರ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಸ್ಟುಡಿಯೋ, ಅದೇ ಎಂಟು ಅಡಿ ಉದ್ದ ಆರು ಅಡಿ ಅಗಲದ ಕೋಣೆ. ಮೊದಲ ಹತ್ತು ವರ್ಷ ಅವರಿಗೆ ಸಿಕ್ಕಿದ್ದೆಲ್ಲ ಮನೆ ಮುರಿಯುವ ಚಿಕ್ಕಮ್ಮಂದಿರ ಪಾತ್ರ. ಹಾಗಾಗಿ ಕಸ ಗುಡಿಸುವವರಿಂದ ಹಿಡಿದು ಮಾಲೀಕರವರೆಗೆ ಎಲ್ಲರಿಗೂ ಅವರು ಚಿಕ್ಕಮ್ಮ. ನಿಜವಾಗಿ ಹಾಗೆ ಕರೆಯುವ ಅಕ್ಕನ ಮಕ್ಕಳು ಒಬ್ಬರೂ ಇಲ್ಲ.

ನಾಲ್ಕು ವರ್ಷದ ಹಿಂದೆ ಅವರಿಗೆ ನೆರಳಮ್ಮ ಸಿಕ್ಕಳು. ಅತಿಮಾನುಷ ಶಕ್ತಿಯ ವೀರರ ಕಥೆ ಅದು. ಮೊದಲು ಕಾಮಿಕ್ಸ್ ಆಗಿ ಬಂದು, ಆಮೇಲೆ ಸಿನಿಮಾ ಆಗಿ, ಈಗ ಸೀರಿಯಲ್ ಆಗಿ ಓಡುತ್ತಿದೆ. ನೆರಳಮ್ಮ ಒಂದು ನೆರಳಿನೊಳಗೆ ಹೊಕ್ಕು ಇನ್ನೊಂದು ನೆರಳಿನಿಂದ ಹೊರಬರಬಲ್ಲ ನಡುವಯಸ್ಸಿನ ಹೆಂಗಸು. ಒಬ್ಬರ ಮನೆಯನ್ನೂ ಮುರಿಯದವಳು. ಚಿಕ್ಕಮ್ಮನಿಗೆ ಅವಳ ಮೇಲೆ ಒಂದು ಬಗೆಯ ಋಣಭಾವ.

ಆದರೆ ನೆರಳಮ್ಮನನ್ನು ಅವರು ಪೂರ್ತಿ ನೋಡಿದ್ದೇ ಕಡಿಮೆ. ಕಥೆ ಸೋರಿಹೋದೀತೆಂದು ಕಂಪನಿಯವರು ಕಳಿಸುವ ದೃಶ್ಯ ಇಡೀ ಕಪ್ಪಾಗಿರುತ್ತದೆ. ನಡುವೆ ಚಹಾ ಬಟ್ಟಲಿನ ತಟ್ಟೆಯಷ್ಟು ಒಂದು ದುಂಡು ಕಿಂಡಿ. ಅದರೊಳಗೆ ಬಾಯಿ ಮಾತ್ರ. ಎದುರಿನವರು ಯಾರು, ಜಾಗ ಯಾವುದು, ಯಾವುದೂ ತಿಳಿಯದು. ಮಾತುಗಳೂ ಹಿಂದುಮುಂದಾಗಿ ಬರುತ್ತವೆ. ಹೊರಗೆ ಬಾಯಿಬಿಡುವುದಿಲ್ಲ ಎಂದು ಕಾಗದಕ್ಕೆ ಸಹಿಯನ್ನೂ ಹಾಕಬೇಕು. ಒಮ್ಮೆ ಸಿನಿಮಾವನ್ನು ಮನೆಯಲ್ಲಿ ಕೂತು ನೋಡಿದರು. ಅದರಲ್ಲಿ ನೆರಳಮ್ಮ ಸತ್ತಳು. ಮುಂದಿನ ತಿಂಗಳು ಸೀರಿಯಲ್‌ನಲ್ಲಿ ಅದೇ ನೆರಳಮ್ಮ ಆರಾಮಾಗಿ ಚಹಾ ಕುಡಿಯುತ್ತಿದ್ದಳು. ಅಂದಿನಿಂದ ನೋಡುವುದನ್ನು ಬಿಟ್ಟರು. ನೋಡದಿದ್ದರೆ ಕತ್ತಲೆ, ನೋಡಿದರೆ ಗೊಂದಲ.

ಈ ವರ್ಷ ಗೊಂದಲ ಅವರ ಹೊಸಿಲಿಗೇ ಬಂದು ನಿಂತಿತು. ಕಣ್ಣು ಕಾಣದ ಮಕ್ಕಳಿಗಾಗಿ ಶಾಲೆಯ ಪಾಠಗಳನ್ನು ಧ್ವನಿಮುದ್ರಿಸುವ ಕಚೇರಿಯೊಂದು ಅವರನ್ನು ಕರೆಯಿತು. ಬೀಜ ಮೊಳೆಯುವ ಪಾಠವೊಂದನ್ನು ಓದಿಸಿ, ಕೇಳಿ, ಒಪ್ಪಿತು. ಒಂದು ವರ್ಷದ ಕೆಲಸ. ಆ ವರ್ಷವಿಡೀ ಬೇರೆ ಎಲ್ಲಿಯೂ ದನಿ ಕೊಡುವಂತಿಲ್ಲ. ಮಂಗಳವಾರದೊಳಗೆ ಉತ್ತರ ಹೇಳಬೇಕು. ಸೀರಿಯಲ್‌ನ ಕಳೆದ ಭಾಗದ ಕೊನೆಗೆ ನೆರಳಮ್ಮ ಮತ್ತೆ ಸತ್ತಳೆಂದು ಕೆಲವರು, ಇಲ್ಲವೆಂದು ಕೆಲವರು ಹೇಳುತ್ತಿದ್ದರು. ಸತ್ತಿದ್ದರೆ ತೊಂದರೆಯಿಲ್ಲ, ಹೂಂ ಎನ್ನಬಹುದು. ಬದುಕಿದ್ದರೆ ಜೂನ್‌ನಲ್ಲಿ ಹೊಸ ಭಾಗದ ಕೆಲಸ ಶುರುವಾಗುತ್ತದೆ. ಚಿಕ್ಕಮ್ಮ ಇಲ್ಲದಿದ್ದರೆ ಸ್ಟುಡಿಯೋದವರು ಆ ಬಾಯಿಗೆ ಇನ್ಯಾರದೋ ದನಿ ಹಚ್ಚುತ್ತಾರೆ. ಅದನ್ನು ನೆನೆದರೇ ಅವರಿಗೆ ಊಟ ಸೇರುತ್ತಿರಲಿಲ್ಲ.

"ಕಂಪನಿಯವ್ರನ್ನೇ ಕೇಳಬಾರ್ದಾ?" ಎಂದರು ಗಂಡ. ಅವರು ಕನ್ನಡಕದ ಅಂಗಡಿಯಲ್ಲಿ ಗಾಜು ತಿಕ್ಕುವವರು; ಯಾವುದಕ್ಕೂ ಒಂದು ನಂಬರು ಇರಬೇಕು ಅವರಿಗೆ.

"ಹೇಳಲ್ಲ ರೀ. ಹೇಳೋ ಹಾಗಿದ್ರೆ ಪರದೆ ಯಾಕೆ ಕಪ್ಪು ಮಾಡ್ತಿದ್ರು?"

"ಒಂದ್ ಸಲ ಸತ್ತವಳು ಇನ್ನೊಂದ್ ಸಲ ಸಾಯೋದು ಹೇಗೆ ಅಂತ. ಎಡಗಣ್ಣಿಗೆ ಹೆಣ, ಬಲಗಣ್ಣಿಗೆ ಜೀವ. ಇಂಥ ಕಣ್ಣಿಗೆ ನಂಬರು ಕೊಡಕ್ಕಾಗಲ್ಲ ಕಣೇ."

ಶನಿವಾರ ಸಂಜೆ ತರಕಾರಿಗೆಂದು ಹೋದಾಗ ಎರಡು ಬೀದಿ ಆಚೆ, ಬಾಡಿಗೆಗೆ ಕಾಮಿಕ್ಸ್ ಕೊಡುವ ಅಂಗಡಿಯ ಮೆಟ್ಟಿಲ ಬುಡದಲ್ಲಿ ಒಂದು ಚೀಟಿ ಕಂಡಿತು. "ಭಾನುವಾರ ನಾಲ್ಕಕ್ಕೆ ಚರ್ಚೆ. ಈ ವಾರ: ನೆರಳಮ್ಮ ಸತ್ತಳೇ?" ಚಿಕ್ಕಮ್ಮ ಬದನೆಕಾಯಿ ಚೀಲವನ್ನು ಎದೆಗೊತ್ತಿಕೊಂಡು ಅದನ್ನು ಮೂರು ಸಲ ಓದಿದರು.

ಭಾನುವಾರ ಹೋಗಿಯೇಬಿಟ್ಟರು. ಅಂಗಡಿ ಇದ್ದದ್ದು ಸೈಕಲ್ ರಿಪೇರಿಯವನ ಮಹಡಿಯಲ್ಲಿ. ಮೆಟ್ಟಿಲಿಗೆಲ್ಲ ಪಂಕ್ಚರ್ ಹಾಕುವ ಅಂಟಿನ ವಾಸನೆ. ಮೇಲೆ ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಹೊದಿಸಿದ ಕಾಮಿಕ್ಸ್, ನಡುವೆ ಮಡಚುವ ಕುರ್ಚಿಗಳು, ಎಂಟು ಜನ. ದನಿ ಗುರುತು ಹತ್ತೀತೆಂದು ಚಿಕ್ಕಮ್ಮ ನೆಗಡಿಯಾದವರಂತೆ ಸಣ್ಣಗೆ "ಕೂರಬಹುದಾ?" ಎಂದು ಕೇಳಿ ಕೊನೆಯ ಕುರ್ಚಿ ಹಿಡಿದರು. ಯಾರೂ ತಿರುಗಿ ನೋಡಲಿಲ್ಲ. ಚರ್ಚೆ ಆಗಲೇ ಕಾವೇರಿತ್ತು.

"ಕಾಮಿಕ್ಸ್‌ನ ನಲವತ್ತೊಂದನೇ ಸಂಚಿಕೆಯಲ್ಲಿ ಸತ್ಲು, ಮುಗೀತು," ಎನ್ನುತ್ತಿದ್ದರು ಅಂಗಡಿಯ ಯಜಮಾನರು. ಉಸಿರಿಗೊಂದು ಸಂಚಿಕೆಯ ನಂಬರು ಹೇಳುವ ಅವರನ್ನು ಎಲ್ಲರೂ ಸಂಚಿಕೆ ಮಾವ ಎನ್ನುತ್ತಿದ್ದರು.

"ಐವತ್ತೆಂಟರಲ್ಲಿ ಎದ್ದು ಬಂದ್ಲಲ್ಲ ಮಾವ?" ಕೇಳಿದವಳು ಒಬ್ಬ ನರ್ಸ್. ಡ್ಯೂಟಿ ಮುಗಿಸಿ ನೇರ ಬಂದಿದ್ದಳು. ಕಾಲಲ್ಲಿ ಇನ್ನೂ ಬಿಳಿ ಬೂಟು.

"ಅದು ಎರಡನೇ ಲೋಕದ ನೆರಳಮ್ಮ. ಲೋಕಕ್ಕೊಬ್ಬಳು."

"ಸಿನಿಮಾದಲ್ಲಿ ಸತ್ತವಳು?"

"ಅವಳು ಮೂರನೆಯವಳು."

"ಮತ್ತೆ ಸೀರಿಯಲ್‌ನಲ್ಲಿ ಚಹಾ ಕುಡೀತಾ ಕೂತವಳು?"

ಮಾವ ತಲೆ ಕೆರೆದುಕೊಂಡರು. "ಮೇಷ್ಟ್ರೇ, ಆಯಮ್ಮ ಎಷ್ಟನೆಯವಳು?"

ನಿವೃತ್ತರಾದ ಲೆಕ್ಕದ ಮೇಷ್ಟ್ರು ನೋಟ್‌ಬುಕ್ ತಿರುವಿದರು. "ಮೊದಲನೆಯವಳು. ಆದ್ರೆ ಸಿನಿಮಾಕ್ಕಿಂತ ಮುಂಚಿನ ಮೊದಲನೆಯವಳು. ಸಿನಿಮಾ ಆದ್ಮೇಲಿನ ಮೊದಲನೆಯವಳು ಬೇರೆ."

"ನಿಮಗಾದ್ರೂ ಅರ್ಥ ಆಯ್ತಾ ಸಾರ್?"

"ಆಗ್ಲಿಲ್ಲ. ಬರ್ಕೊಂಡಿದೀನಿ ಅಷ್ಟೆ."

ಚಿಕ್ಕಮ್ಮನೂ ಬೆರಳು ಮಡಚಿ ಎಣಿಸುತ್ತಿದ್ದರು. ನಾಲ್ಕನೇ ಬೆರಳಿಗೆ ಲೆಕ್ಕ ತಪ್ಪಿತು. ಈ ನಾಲ್ವರಿಗೂ ತಾನೇ ದನಿ ಕೊಟ್ಟೆನೇ? ಅಥವಾ ಒಬ್ಬಳಿಗೇ ನಾಲ್ಕು ಸಲವೋ?

"ಅದೆಲ್ಲ ಬಿಡಿ," ಎಂದಳು ನರ್ಸ್. "ನಾಡಿ ಯಾರು ನೋಡಿದ್ರು? ಯಾರೂ ನೋಡ್ಲಿಲ್ಲ. ನಾಡಿ ನೋಡ್ದೆ ಸತ್ರು ಅಂತ ಬರೆದ್ರೆ ನನ್ ಕೆಲ್ಸಾನೇ ಹೋಗುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ ಆ ನಗು. ಹಾಕಿ ಮಾವ, ಇನ್ನೊಂದ್ ಸಲ."

ಮಾವ ಗೋಡೆಯ ಟೀವಿಯಲ್ಲಿ ಸೀರಿಯಲ್‌ನ ಕಳೆದ ಭಾಗದ ಕೊನೆಯ ದೃಶ್ಯ ಹಾಕಿದರು. ಉರಿಯುತ್ತಿರುವ ಸುರಂಗ. ಓಡುವ ಜನ. ದೊಡ್ಡ ಕಬ್ಬಿಣದ ಬಾಗಿಲು ಹೊರಗಿನಿಂದ ಮುಚ್ಚಿಕೊಳ್ಳದು; ಒಳಗೇ ಉಳಿದು ಯಾರಾದರೂ ತಳ್ಳಬೇಕು. ನೆರಳಮ್ಮ ಬೆನ್ನು ಕೊಟ್ಟು ತಳ್ಳುತ್ತ, "ನೀವು ಮುಂದೆ ನಡೀರಿ. ಬಾಗಿಲು ನಾನು ನೋಡ್ಕೋತೀನಿ," ಎನ್ನುತ್ತಾಳೆ. ಆಮೇಲೆ ಒಂದು ಪುಟ್ಟ ನಗು. ಬಾಗಿಲು ಮುಚ್ಚುತ್ತದೆ. ಪರದೆ ಬೆಳ್ಳಗಾಗುತ್ತದೆ.

"ಕೇಳಿದ್ರಾ? ಸಾಯೋಕೆ ಹೊರಟವಳು ನಗ್ತಾಳಾ? ಅವಳ ಹತ್ರ ಏನೋ ಉಪಾಯ ಇದೆ. ನನ್ ವಾರ್ಡಲ್ಲಿ ಹನ್ನೊಂದು ವರ್ಷದಲ್ಲಿ, ಉಸಿರು ಸಿಕ್ಕಿಹಾಕ್ಕೊಂಡಿರೋವಾಗ ನಕ್ಕಿದ್ದು ಇಬ್ರೇ. ಇಬ್ರೂ ನಡ್ಕೊಂಡು ಮನೆಗೆ ಹೋದ್ರು."

ಮೇಷ್ಟ್ರು ಲೆಕ್ಕ ಹಾಕಿದರು: ಬದುಕಿದ್ದಾಳೆ ಎನ್ನುವವರು ಏಳು, ಸತ್ತಳು ಎನ್ನುವವರು ಒಬ್ಬರು. ಆ ಏಳರಲ್ಲಿ ಏಳೂ ಜನ ಕಾರಣವೆಂದು ಬರೆಸಿದ್ದು ನಗುವನ್ನೇ.

ಆ ಸಾಲು ಚಿಕ್ಕಮ್ಮನಿಗೆ ಚೆನ್ನಾಗಿ ನೆನಪಿತ್ತು. ಬೆಳಗಿನ ಹನ್ನೊಂದು ಗಂಟೆ. ಕಿಂಡಿಯಲ್ಲಿ ಬಾಯಿ ಮಾತ್ರ; ಮೂಲದ ದನಿ ಸೌಂಡ್ ಇಂಜಿನಿಯರ್ ಕಿವಿಗಷ್ಟೇ. ಎಲ್ಲರೂ ಪೇಟೆಗೋ ಮದುವೆಗೋ ಹೊರಟಿರಬೇಕು, ಬೀಗ ಹಾಕುವ ಕೆಲಸ ನೆರಳಮ್ಮನಿಗೆ ಬಿದ್ದಿರಬೇಕು ಎಂದುಕೊಂಡು ಹೇಳಿದ್ದರು. ಮಾತು ಮುಗಿದ ಮೇಲೂ ಆ ಬಾಯಿ ಇನ್ನೂ ಅರ್ಧ ಸೆಕೆಂಡು ಆಡುತ್ತಿತ್ತು. ದನಿಯಿಲ್ಲದೆ ಬಾಯಿ ಆಡಿದರೆ ನೋಡುವವರಿಗೆ ಕಸಿವಿಸಿ. ಅದಕ್ಕೇ ಈ ಕೆಲಸದವರು ಉಳಿದ ಬಾಯಿಯನ್ನು ಒಂದು "ಹೂಂ"ನಿಂದಲೋ, ನಿಟ್ಟುಸಿರಿನಿಂದಲೋ ತುಂಬಿಸುತ್ತಾರೆ. ಅವತ್ತು ಚಿಕ್ಕಮ್ಮ ನಗುವಿನಿಂದ ತುಂಬಿಸಿದ್ದರು. ಬೀಗ ಹಾಕುವವಳು ನಕ್ಕರೆ ತಪ್ಪೇನು?

ತಿಳಿದುಕೊಳ್ಳಲು ಬಂದವರಿಗೆ ಸಿಕ್ಕ ಒಂದೇ ಒಂದು ಪುರಾವೆ ಅವರದೇ ಬಾಯಿಂದ ಬಂದದ್ದು.

"ಆ ನಗು ಇರ್ಲೇ ಇಲ್ಲ ಅಂತ ಇಟ್ಕೊಳ್ಳಿ. ಆಗ?" ಎಂದುಬಿಟ್ಟರು. ಗಾಬರಿಯಲ್ಲಿ ನೆಗಡಿ ಮರೆತು ಸ್ವಂತ ದನಿ ಬಂದಿತ್ತು.

ಮೇಷ್ಟ್ರು ಪೆನ್ಸಿಲ್ ಎತ್ತಿ ಪುಟ ನೋಡಿದರು. "ಆಗ ಏನೂ ಉಳಿಯಲ್ಲಮ್ಮ. ಸತ್ಲು ಅನ್ನೋಕೂ ಆಧಾರ ಇಲ್ಲ, ಇದಾಳೆ ಅನ್ನೋಕೂ ಇಲ್ಲ."

ನರ್ಸ್ ತಿರುಗಿ ಚಿಕ್ಕಮ್ಮನನ್ನು ದಿಟ್ಟಿಸಿದಳು. "ಇವ್ರ ದನಿ ಒಂಚೂರು ನೆರಳಮ್ಮನ ಥರಾನೇ ಇದೆ ಅಲ್ವಾ?"

"ಎಲ್ಲಿಯ ನೆರಳಮ್ಮ!" ಎಂದರು ಮಾವ. "ಆಯಮ್ಮನ ದನಿಯಲ್ಲಿ ಕಂಚಿದೆ. ಬೇಜಾರು ಮಾಡ್ಕೋಬೇಡಿ ತಾಯಿ, ಅಭ್ಯಾಸ ಮಾಡಿದ್ರೆ ಹತ್ರ ಹತ್ರ ಬರುತ್ತೆ."

"ಸರಿ, ಮಾಡ್ತೀನಿ," ಎಂದರು ಚಿಕ್ಕಮ್ಮ.

ಮನೆಗೆ ಬಂದವರೇ ಸ್ಟುಡಿಯೋದ ಸೌಂಡ್ ಇಂಜಿನಿಯರ್‌ಗೆ ಫೋನ್ ಮಾಡಿದರು. "ಬಾಗಿಲು ನೋಡ್ಕೋತೀನಿ ಅಂತ ಒಂದು ಸಾಲು ಇತ್ತಲ್ಲಪ್ಪ, ಮೂಲದಲ್ಲಿ ಅವಳು ನಗ್ತಾಳಾ?"

"ಇಲ್ಲ ಚಿಕ್ಕಮ್ಮ, ಕೆಮ್ಮು ಅದು. ನೀವು ನಕ್ಕಿದ್ದೇ ಚೆನ್ನಾಗಿ ಕೂತಿತ್ತು, ಬಿಟ್ಟೆ."

"ಅವಳು ಬೆಂಕಿಯೊಳಗೆ ಇದ್ಲಂತೆ ಕಣೋ! ನಿನಗಾದ್ರೂ ಗೊತ್ತಾಗಬಾರ್ದಿತ್ತಾ?"

"ನನ್ ಪರದೇನೂ ಕಪ್ಪೇ ಅಲ್ವಾ? ಧೂಳಿಗೆ ಕೆಮ್ಮಿದ್ಲು ಅಂದ್ಕೊಂಡೆ." ಆಮೇಲೆ ಅವನೇ ಕೇಳಿದ, "ಹಾಗಾದ್ರೆ ಸತ್ಲಾ?"

"ನಿನ್ನನ್ನೇ ಕೇಳೋಣ ಅಂತ ಫೋನ್ ಮಾಡಿದೆ."

ಸೋಮವಾರ ಇಡೀ ಚಿಕ್ಕಮ್ಮ ಮಾಡಿದ ಕೆಲಸವನ್ನೇ ಮತ್ತೆ ಮಾಡಿದರು. ಒಂದೇ ಪಾತ್ರೆಯನ್ನು ಎರಡು ಸಲ ತೊಳೆದರು. ನಗು ತಮ್ಮದು, ಅದನ್ನು ಲೆಕ್ಕದಿಂದ ತೆಗೆಯಬೇಕು. ಕೆಮ್ಮು ಅವಳದು, ಆದರೆ ಕೆಮ್ಮಿದವರೆಲ್ಲ ಸಾಯುವುದಿಲ್ಲ. ಅಷ್ಟರಲ್ಲಿ ನರ್ಸಿನ ಮುಖ ಕಣ್ಣಮುಂದೆ ಬರುತ್ತಿತ್ತು. ಅವಳಿಗೆ ನಿಜ ಹೇಳುವಂತಿಲ್ಲ, ಸಹಿ ಹಾಕಿದ ಕಾಗದವಿದೆ. ಹೇಳಬಹುದಾಗಿದ್ದರೂ ಹೇಳುತ್ತಿದ್ದರೇ? ಅದೂ ಗೊತ್ತಾಗಲಿಲ್ಲ.

"ಏನ್ ತೀರ್ಮಾನ ಮಾಡಿದೆ?" ರಾತ್ರಿ ಊಟಕ್ಕೆ ಕೂತಾಗ ಗಂಡ ಕೇಳಿದರು.

"ಅವಳು ಇದಾಳೋ ಇಲ್ವೋ ಗೊತ್ತಿಲ್ಲ ರೀ. ಆ ಪಾಠದ ಮಕ್ಕಳು ಇದಾರೆ. ಅದೊಂದು ಗೊತ್ತು."

"ಹಾಗಾದ್ರೆ ಹೂಂ ಅನ್ನು."

"ಅವಳು ಎದ್ದು ಬಂದ್ರೆ?"

ಗಂಡ ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು.

ಮಂಗಳವಾರ ಹತ್ತೂಕಾಲಿಗೆ ಚಿಕ್ಕಮ್ಮ ಪಾಠದ ಕಚೇರಿಗೆ ಫೋನ್ ಮಾಡಿ ಒಪ್ಪಿಗೆ ಹೇಳಿದರು. ಆ ಕಡೆಯ ಗುಮಾಸ್ತೆ ಸಂತೋಷಪಟ್ಟಳು. ಬೇರೆ ಏನಾದರೂ ಕೇಳುವುದಿದೆಯೇ ಎಂದಳು.

"ಒಂದಿದೆ. ನಡುವೆ ನಮ್ಮವರೊಬ್ರು ಎದ್ದು ಬಂದ್ರೆ ನನಗೆ ನಾಲ್ಕು ದಿನ ಬಿಡುವು ಬೇಕು. ಬೇರೆ ಕಡೆ ದನಿ ಕೊಡೋಕೆ. ಅವರೊಬ್ಬರಿಗೆ ಮಾತ್ರ."

"ಎದ್ದು ಬಂದ್ರೆ ಅಂದ್ರೆ? ಹುಷಾರಿಲ್ವಾ ಅವ್ರಿಗೆ?"

"ಅದೇ ಗೊತ್ತಾಗ್ತಿಲ್ಲಮ್ಮ."

"ಆಸ್ಪತ್ರೆಯಲ್ಲಿದಾರಾ?"

"ಇಲ್ಲ. ಸುರಂಗದಲ್ಲಿ."

ಆ ಕಡೆ ಕಾಗದ ಸರಿಸಿದ ಸದ್ದು. ಯಾರನ್ನೋ ಪಿಸುದನಿಯಲ್ಲಿ ಕೇಳಿದ ಸದ್ದು. ಆಮೇಲೆ ಗುಮಾಸ್ತೆ ತುಂಬಾ ಮೆತ್ತಗಿನ ದನಿಯಲ್ಲಿ, "ಕೊಡಬಹುದಂತೆ ಅಮ್ಮ. ಆದ್ರೆ ಈಗ್ಲೇ ಅರ್ಜಿ ಕೊಟ್ಟಿರ್ಬೇಕು. ಹೆಸರು, ಸಂಬಂಧ, ಕಾರಣ ಮೂರೂ ಬರೀರಿ," ಎಂದಳು.

ಚಿಕ್ಕಮ್ಮ ಗಂಡನ ಅಂಗಡಿಯ ಚೀಟಿಯೊಂದರ ಹಿಂಬದಿಗೆ ಮೊದಲು ಕರಡು ಬರೆದರು. ಹೆಸರು: ನೆರಳಮ್ಮ. ಸಂಬಂಧ ಎಂಬಲ್ಲಿ ತುಸು ಯೋಚಿಸಿ, ಅಕ್ಕ ಎಂದರು. ಕಾರಣದ ಮುಂದೆ ಪೆನ್ನು ಇಟ್ಟು ಹಾಗೇ ಕೂತರು. ಒಲೆಯ ಮೇಲೆ ಹಾಲು ಉಕ್ಕುವ ಸದ್ದಾಯಿತು. "ಬದುಕಿರಬಹುದು" ಎಂದು ಬರೆದು, ಒಲೆ ಆರಿಸಲು ಎದ್ದರು.