ಬೋಂಡದ ಎಣ್ಣೆಯಲ್ಲಿ ನಾಲ್ಕು ತಾಲ್ಲೂಕು

ಚನ್ನಪಟ್ಟಣದ ನಮ್ಮ ಮನೆ ಬಿಟ್ಟಾಗ ಬೆಳಗಿನ ಐದೂವರೆ. ಅಣ್ಣ ಸಿದ್ದರಾಜು ಗಾಡಿ ಓಡಿಸುತ್ತಿದ್ದ. ಪಕ್ಕದಲ್ಲಿ ನಾನು, ನನ್ನ ಕಾಲ ಬಳಿ ಸ್ಪ್ಯಾನರುಗಳ ಚೀಲ. ಅವನ ಡೀಸೆಲ್ ಪಿಕಪ್‌ಗೆ ಇಪ್ಪತ್ತೆರಡು ವರ್ಷ. ಅದರ ಟ್ಯಾಂಕಿನಲ್ಲಿ ಆ ದಿನ ನಾಲ್ಕು ಪಾಲು ಡೀಸೆಲ್, ಒಂದು ಪಾಲು ನಾನೇ ತಯಾರಿಸಿದ ಬಯೋಡೀಸೆಲ್ ಇತ್ತು.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು. ಹೋಟೆಲಿನವರು ಬೋಂಡ ಕರಿದು ಬಿಸಾಡುವ ಎಣ್ಣೆಯನ್ನು ತಂದು, ಸೋಸಿ, ಮೆಥನಾಲ್ ಸೇರಿಸಿ, ತಳದಲ್ಲಿ ನಿಂತ ಗ್ಲಿಸರಿನ್ ತೆಗೆದು, ತೊಳೆದು ಒಣಗಿಸಿ ಇಂಧನ ಮಾಡುವುದನ್ನು ಎರಡು ವರ್ಷದಿಂದ ಕಲಿಯುತ್ತಿದ್ದೆ. ಕಾಲೇಜಿನ ಜನರೇಟರ್ ಅದರಲ್ಲಿ ಓಡಿತ್ತು. ಅಣ್ಣ ಮಾತ್ರ ಬಗ್ಗಿರಲಿಲ್ಲ.

"ಜನರೇಟ್ರು ನಿಂತ್ರೆ ಲೈಟ್ ಓಯ್ತದೆ. ಗಾಡಿ ನಿಂತ್ರೆ ನನ್ ಬಾಡ್ಗೆ ಓಯ್ತದೆ ಕಣವ್ವ," ಎನ್ನುತ್ತಿದ್ದ. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದ: ಗಾಡಿ ಕೈಕೊಟ್ಟರೆ ಈ ಎಣ್ಣೆಯ ಮಾತನ್ನು ನಾನು ಮತ್ತೆ ಎತ್ತಬಾರದು.

ಮಾಗಡಿ ಹತ್ತಿರದ ಹಳ್ಳಿಯಲ್ಲಿ ಹೊನ್ನಮ್ಮ ಎಂಬ ರೈತ ಮಹಿಳೆಯ ರೇಷ್ಮೆಗೂಡು ತುಂಬಿಕೊಂಡು, ಹರಾಜಿಗೆ ಮುಂಚೆ ರಾಮನಗರದ ಮಾರುಕಟ್ಟೆ ಮುಟ್ಟಿಸಬೇಕಿತ್ತು. ಅಲ್ಲಿಂದ ಕನಕಪುರಕ್ಕೆ ಹೋಗಿ, ಸಾತನೂರಿನ ಮೇಲೆ ಮನೆಗೆ. ಒಟ್ಟು ನೂರೈವತ್ತು ಕಿಲೋಮೀಟರಿನ ಆಸುಪಾಸು.

ರಾಮನಗರದವರೆಗೆ ಹನ್ನೆರಡು ಕಿಲೋಮೀಟರ್ ಸಲೀಸಾಗಿ ಬಂದೆವು. ಮಾಗಡಿ ರಸ್ತೆಗೆ ತಿರುಗಿದ ಮೇಲೆ, ಬಲಗಡೆ ಸಾವನದುರ್ಗ ಮಂಜಿನಿಂದ ತಲೆಯೆತ್ತುವ ಹೊತ್ತಿಗೆ, ಒಂದು ಏರಿನಲ್ಲಿ ಇಂಜಿನ್ ಬಿಕ್ಕಳಿಸತೊಡಗಿತು. ಅಣ್ಣ ಗೇರು ಇಳಿಸಿದ. ನೂರು ಗಜ ಹೋಗುವಷ್ಟರಲ್ಲಿ ಗಾಡಿ ನಿಂತೇಬಿಟ್ಟಿತು.

ಅಣ್ಣ ಬೈಯಲಿಲ್ಲ. ಫೋನ್ ತೆಗೆದು ಬೇರೆ ಗಾಡಿಯವನ ನಂಬರ್ ಹುಡುಕತೊಡಗಿದ. ಬೈದಿದ್ದರೇ ವಾಸಿಯಿತ್ತು.

"ಅಣ್ಣ, ಹತ್ತು ನಿಮಿಷ ಕೊಡು," ಎಂದೆ.

"ಆವಮ್ಮ ಒಂದ್ ತಿಂಗ್ಳಿಂದ ಹುಳ ಸಾಕವ್ಳೆ. ಹರಾಜ್ ತಪ್ಪುದ್ರೆ ನಾನ್ ಯಾವ್ ಮಕ ಇಟ್ಕೊಂಡು ಅವ್ಳ ಮುಂದೆ ನಿಂತ್ಕಳ್ಳಿ?"

"ಎಣ್ಣೆ ಕೆಟ್ಟಿಲ್ಲ. ನಿನ್ನ ಟ್ಯಾಂಕಿನ ಹಳೇ ಕೊಳೆನ ಅದು ಕರಗಿಸಿದೆ. ಕೊಳೆಯೆಲ್ಲ ಫಿಲ್ಟರಿಗೆ ಬಂದು ಕೂತಿದೆ."

ಬಾಯಲ್ಲಿ ಹೇಳಿದೆನೇ ಹೊರತು ನನಗೇ ಖಾತ್ರಿಯಿರಲಿಲ್ಲ. ಓದಿ ತಿಳಿದಿದ್ದ ಸಂಗತಿ ಅದು, ಕಣ್ಣಾರೆ ಕಂಡದ್ದಲ್ಲ. ಚೀಲದಲ್ಲಿದ್ದ ಹೊಸ ಫಿಲ್ಟರ್ ತೆಗೆದು ಬಾನೆಟ್ ಎತ್ತಿದೆ. ಅಣ್ಣ ಒಂದು ಗಳಿಗೆ ನೋಡಿ, ಫೋನ್ ಜೇಬಿಗಿಟ್ಟು, ನನ್ನ ಕೈಯಿಂದ ಸ್ಪ್ಯಾನರ್ ಇಸಿದುಕೊಂಡ. ಬಿಚ್ಚಿದ ಹಳೇ ಫಿಲ್ಟರನ್ನು ರಸ್ತೆಯ ಮೇಲೆ ಬಗ್ಗಿಸಿದಾಗ ಕಾಡಿಗೆಯಂಥ ಕಪ್ಪು ರಾಡಿ ಸುರಿಯಿತು.

"ಇಷ್ಟ್ ಕೊಳೆ ಇಟ್ಕೊಂಡು ಓಡ್ತಿತ್ತಾ ಇದು?" ಎಂದ ಅಣ್ಣ.

ಹೊಸದನ್ನು ಕೂರಿಸಿ, ಫಿಲ್ಟರಿನ ಮೇಲಿನ ಕೈಪಂಪು ಒತ್ತಿ ಪೈಪಿನೊಳಗೆ ಸೇರಿದ್ದ ಗಾಳಿಯನ್ನು ಹೊರಬಿಟ್ಟೆವು. ಅಣ್ಣ ಕೀಲಿ ತಿರುಗಿಸಿದ. ಒಂದು ಸಲ ಕೆಮ್ಮಿತು. ಎರಡನೇ ಸಲಕ್ಕೆ ಹಿಡಿದುಕೊಂಡಿತು. ಅದೇ ಏರನ್ನು ಗಾಡಿ ತಡವರಿಸದೆ ಹತ್ತಿತು. ಅಣ್ಣ ಕಿಟಕಿಯಿಂದ ತಲೆ ಹೊರಹಾಕಿ ಹಿಂದೆ ನೋಡಿದ. ಯಾವಾಗಲೂ ಅಲ್ಲಿರುತ್ತಿದ್ದ ಕರಿ ಹೊಗೆ ತೆಳ್ಳಗಾಗಿತ್ತು.

ಹೊನ್ನಮ್ಮ ಬಾಗಿಲಲ್ಲೇ ನಿಂತಿದ್ದರು. ಗೂಡಿನ ಚೀಲಗಳನ್ನು ಒಂದರ ಮೇಲೊಂದು ಅದುಮದಂತೆ ತಾವೇ ಜೋಡಿಸಿದರು. ನಮಗೆ ನಿಲ್ಲಲು ಪುರುಸೊತ್ತಿಲ್ಲವೆಂದು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಯನ್ನು ಎಲೆಯಲ್ಲಿ ಸುತ್ತಿಕೊಟ್ಟು, ತಾವೂ ನನ್ನ ಪಕ್ಕ ಹತ್ತಿ ಕೂತರು. ಸ್ವಲ್ಪ ದೂರ ಹೋದ ಮೇಲೆ ಮೂಗು ಅರಳಿಸಿ, "ಎಲ್ಲೋ ಬೋಂಡ ಕರೀತಾವ್ರೆ," ಎಂದರು. ಅಣ್ಣ ಜೋರಾಗಿ ನಕ್ಕುಬಿಟ್ಟ. ಆ ಬೆಳಿಗ್ಗೆ ಅವನು ನಕ್ಕದ್ದು ಅದೇ ಮೊದಲು.

ಬರುವ ದಾರಿಯುದ್ದಕ್ಕೂ ನನ್ನ ಕಿವಿ ಇಂಜಿನ್ ಮೇಲೇ ಇತ್ತು. ಎಲ್ಲೂ ಬಿಕ್ಕಳಿಸಲಿಲ್ಲ. ಮಾರುಕಟ್ಟೆಯಲ್ಲಿ ಗೂಡು ಸುರಿದು ಹೊನ್ನಮ್ಮ ಬೆವರು ಒರೆಸಿಕೊಳ್ಳುವ ಹೊತ್ತಿಗೆ ಹರಾಜು ಶುರುವಾಯಿತು. ಗೂಡು ಕೈಯಲ್ಲಿ ಹಿಡಿದು ನೋಡಿದ ರೀಲರ್‌ಗಳು, ಅಂದರೆ ನೂಲು ತೆಗೆಯುವವರು, ಪೈಪೋಟಿಯಲ್ಲಿ ಕೂಗಿದರು. ಹೊನ್ನಮ್ಮ ಹೊರಬಂದು ಅಣ್ಣನಿಗೆ, "ಮುಂದಿನ್ ಬೆಳೆಗೂ ನೀನೇ ಬಾರಪ್ಪ," ಎಂದಷ್ಟೇ ಹೇಳಿದರು.

ಕನಕಪುರಕ್ಕೆ ಇಪ್ಪತ್ತೇಳು ಕಿಲೋಮೀಟರ್. ಬಿಸಿಲು ಚುರುಗುಟ್ಟುತ್ತಿತ್ತು. ಮುದ್ದೆ, ಸೊಪ್ಪಿನ ಸಾರು ಉಂಡು, ಚನ್ನಪಟ್ಟಣದ ಒಬ್ಬರ ಮನೆಗೆ ಹೋಗಬೇಕಿದ್ದ ಚಪ್ಪಡಿ ಕಲ್ಲು ಹೇರಿಕೊಂಡೆವು. ಆ ಭಾರ ಹೊತ್ತೇ ಗಾಡಿ ಸಾತನೂರಿನ ಏರಿಳಿತಗಳನ್ನು ದಾಟಿತು. ಅಣ್ಣ ಹಾಡು ಗುನುಗುತ್ತಿದ್ದ.

ಸಾತನೂರಿನಲ್ಲಿ ಟೀಗೆ ನಿಂತೆವು. ಅಣ್ಣನ ಪರಿಚಯದ ಡ್ರೈವರೊಬ್ಬ ಬಂದು ಪಿಕಪ್ಪನ್ನು ಸುತ್ತಿ ನೋಡಿದ.

"ಏನ್ಲಾ ಸಿದ್ದ, ಇಂಜಿನ್ ಕೆಲಸ ಮಾಡಿಸ್ದಾ? ಸೌಂಡೇ ಬದಲಾಗ್ಬುಟ್ಟೈತೆ."

"ಇಂಜಿನ್ ಅದೇ ಕಣ್ಲಾ, ಎಣ್ಣೆ ಬ್ಯಾರೆ. ನಮ್ ತಂಗಿ ಮಾಡಿರದು," ಎಂದ ಅಣ್ಣ. ಆಮೇಲೆ ಟೀ ಲೋಟ ಕೆಳಗಿಟ್ಟು, ಹುಟ್ಟಿದಾಗಿನಿಂದ ಬಲ್ಲವನ ಹಾಗೆ ವಿವರಿಸತೊಡಗಿದ: "ನೋಡು, ಮೊದ್ಲು ಹಾಕ್ದಾಗ ಒಂದ್ ಸತಿ ನಿಂತೋಯ್ತದೆ. ಎದ್ರುಕೋಬ್ಯಾಡ. ಅದು ಕೆಟ್ಟಿರಲ್ಲ, ಟ್ಯಾಂಕ್ ತೊಳೀತಿರ್ತದೆ..."

ನಾನು ಇನ್ನೊಂದು ಟೀ ಹೇಳಿ, ಬೆಂಚಿನ ಮೇಲೆ ಕಾಲು ಚಾಚಿ, ನನ್ನ ಪಾಠವನ್ನು ಅವನ ಬಾಯಲ್ಲಿ ಪೂರ್ತಿ ಕೇಳಿಸಿಕೊಂಡೆ.